ಹಿಂದಿಂದು ಹೆಂಗ ಕಾಣ್ತೈತಿ?

ಅಹಮದಾಬಾದಿನಲ್ಲಿ ಭಾನುವಾರ ಬೆಳಿಗ್ಗೆ ಬೇಗ ಎದ್ದು ಫಾಫಡಾ-ಜಲೇಬಿ ತರಲು ಸಾಲಿನಲ್ಲಿ ನಿಲ್ಲುವವರದು ಒಂದು ಜಾತಿ. ಅದೇ ಹೊತ್ತಿಗೆ ಸಿಂಧು ಭವನ ರಸ್ತೆಗೆ ಕಾರು ನೋಡಲು ಹೋಗುವವರದು ಇನ್ನೊಂದು. ನಾನೂ ನನ್ನ ಮಗನೂ ಎರಡಕ್ಕೂ ಸೇರಿದವರು. ಮೊದಲು ಕಾರು, ಆಮೇಲೆ ಫಾಫಡಾ. ಮನೆಗೆ ತಲುಪುವಷ್ಟರಲ್ಲಿ ಫಾಫಡಾ ತಣ್ಣಗಾಗಿರುತ್ತದೆ ಎಂಬುದು ನನ್ನ ಹೆಂಡತಿಯ ಬಹುಕಾಲದ ದೂರು.

ಆ ರಸ್ತೆಯ ಕಾಫಿ ಅಂಗಡಿಗಳ ಮುಂದೆ ಒಂದು ಹಸಿರು ಲ್ಯಾಂಬೋರ್ಗಿನಿ ಹುರಾಕಾನ್ ಬರುತ್ತದೆ. ಒಂದೆರಡು ಪೋರ್ಷೆ 911 ಇದ್ದೇ ಇರುತ್ತವೆ. ಅದೃಷ್ಟವಿದ್ದ ವಾರ ಕೆಂಪು ಫೆರಾರಿ 458 ಕೂಡ. ಕಾಲೇಜು ಹುಡುಗರು ಫೋನು ಹಿಡಿದು ಸುತ್ತುತ್ತಾರೆ. ನನ್ನಂಥ ನಡುವಯಸ್ಸಿನವರು ಸುಮ್ಮನೆ ಆ ಕಡೆ ಬಂದವರಂತೆ ಕೈಕಟ್ಟಿ ನಿಂತು ಓರೆಗಣ್ಣಿನಲ್ಲಿ ನೋಡುತ್ತೇವೆ.

ಹುಬ್ಬಳ್ಳಿಯಲ್ಲಿ ಬಿ.ಇ., ಸುರತ್ಕಲ್‌ನಲ್ಲಿ ಎಂ.ಟೆಕ್., ಆಮೇಲೆ ಬೆಂಗಳೂರು, ಕೊನೆಗೆ ಗುಜರಾತು. ಸುರತ್ಕಲ್‌ನಿಂದ ಸೂರತ್‌ಗೆ ಎಂದು ಗೆಳೆಯರು ಇವತ್ತಿಗೂ ಆಡಿಕೊಳ್ಳುತ್ತಾರೆ. ಕೆಲಸ ಪ್ರಾಜೆಕ್ಟ್ ಮ್ಯಾನೇಜರನದು. ಏನನ್ನಾದರೂ ಹೋಲಿಸಬೇಕೆಂದರೆ ಕೈ ತಾನಾಗಿ ಎಕ್ಸೆಲ್ ತೆರೆಯುತ್ತದೆ. 2022ರ ಮಳೆಗಾಲದ ಒಂದು ಭಾನುವಾರ ಮಗನೂ ನಾನೂ ಕೂತು ಈ ಮೂರು ಕಾರುಗಳ ಹಾಳೆ ಮಾಡಿದೆವು. ಎಂಜಿನ್, ಅಶ್ವಶಕ್ತಿ, ನೂರರ ವೇಗ ಮುಟ್ಟಲು ಬೇಕಾದ ಸೆಕೆಂಡು, ಗರಿಷ್ಠ ವೇಗ, ರೂಪ, ಸದ್ದು. ಕೊನೆಯ ಎರಡಕ್ಕೆ ಹತ್ತರಲ್ಲಿ ಅಂಕ. ಉಳಿದವಕ್ಕೆ ಅಂಕಿಗಳೇ ಇದ್ದವು.

ಹುರಾಕಾನ್: 5.2 ಲೀಟರಿನ ಹತ್ತು ಸಿಲಿಂಡರು, 610 ಅಶ್ವಶಕ್ತಿ, ನೂರಕ್ಕೆ 3.2 ಸೆಕೆಂಡು, ಗರಿಷ್ಠ 325 ಕಿಲೋಮೀಟರಿಗೂ ಮೇಲೆ. ಫೆರಾರಿ 458: 4.5 ಲೀಟರಿನ ಎಂಟು ಸಿಲಿಂಡರು, 570 ಅಶ್ವಶಕ್ತಿ, 3.4 ಸೆಕೆಂಡು, 325. ಪೋರ್ಷೆ 911 ಕರೇರಾ ಎಸ್: ಮೂರೇ ಲೀಟರು, ಆರೇ ಸಿಲಿಂಡರು, ಆದರೆ ಎರಡು ಟರ್ಬೊ, 450 ಅಶ್ವಶಕ್ತಿ, 3.7 ಸೆಕೆಂಡು, 308.

ಅಂದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಅರ್ಧ ಸೆಕೆಂಡು. ನಮ್ಮ ಪಕ್ವಾನ್ ಸರ್ಕಲ್‌ನ ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ಮೇಲೆ ಮುಂದಿನ ಆಟೋದವನು ಗುಟ್ಕಾ ಉಗುಳಿ ಗೇರು ಹಾಕುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹೀಗಾಗಿ ಜಗಳ ನಡೆದದ್ದೆಲ್ಲ ರೂಪದ ಕಾಲಮ್ಮಿನಲ್ಲೇ.

ಮಗನ ಮತ ಲ್ಯಾಂಬೋರ್ಗಿನಿಗೆ. ಮೂತಿಯಿಂದ ಬಾಲದವರೆಗೆ ಒಂದೇ ಏಟಿಗೆ ಕೊಡಲಿಯಿಂದ ಕಡಿದಂತಿರುವ ಗೆರೆಗಳು, ಆರು ಮೂಲೆಯ ಕಿಟಕಿಗಳು, ಹಿಂಬದಿಯ ಎಂಜಿನ್ನಿಗೆ ಗಾಳಿ ಕುಡಿಸಲು ಪಕ್ಕೆಯಲ್ಲಿ ಬಾಯಿಗಳು. ಟ್ರ್ಯಾಕ್ಟರು ಮಾಡುತ್ತಿದ್ದ ಫೆರುಚ್ಚೋ ಲ್ಯಾಂಬೋರ್ಗಿನಿಯ ಕಂಪನಿ 1966ರಲ್ಲಿ ಮಿಯೂರಾ ತಂದಾಗ ಇನ್ನೂ ದುಂಡಗಿನ ಸೊಂಟವಿತ್ತು. ಅದೇ ಮಾರ್ಚೆಲ್ಲೊ ಗಾಂದಿನಿ 1971ರಲ್ಲಿ ಕೂಂಟಾಶ್‌ನ ರೂಪ ತೋರಿಸಿದ ಮೇಲೆ ದುಂಡಗಿನದೆಲ್ಲ ಹೋಗಿ ಬೆಣೆಯಾಯಿತು. ಹುರಾಕಾನ್ ಆ ಬೆಣೆಯ ಮೊಮ್ಮಗ.

ನನ್ನ ಮತ 911ಕ್ಕೆ. 1963ರಲ್ಲಿ ಮೊದಲು ತೋರಿಸಿದ ಕಾರಿನ ನೆರಳನ್ನೂ ಇವತ್ತಿನದರ ನೆರಳನ್ನೂ ಗೋಡೆಯ ಮೇಲೆ ಹಾಕಿದರೆ ಅಣ್ಣತಮ್ಮಂದಿರೆಂದು ಯಾರೂ ಹೇಳಬಹುದು. ಎಂಜಿನ್ನು ಹಿಂದಿನ ಗಾಲಿಗಳಿಗಿಂತಲೂ ಹಿಂದೆ ಜೋತುಬಿದ್ದಿದೆ. ಭೌತಶಾಸ್ತ್ರದ ಪ್ರಕಾರ ಅದು ತಪ್ಪು ಜಾಗ. ತಿರುವಿನಲ್ಲಿ ಬಾಲ ಬೀಸುತ್ತದೆ. ಆ ತಪ್ಪನ್ನು ಬಿಡದೆ, ಅರವತ್ತು ವರ್ಷ ಅದರ ಜೊತೆಗೇ ಏಗಿ ತಿದ್ದಿದ್ದಾರೆ. ಹಳೆಯ ಕೋಡನ್ನು ಬಿಸಾಡದೆ ಉಳಿಸಿಕೊಂಡು ಓಡಿಸುವ ನನ್ನಂಥವನಿಗೆ ಅದರ ಮೇಲೆ ಪ್ರೀತಿ ಸಹಜ. ಇನ್ನೊಂದು ಗುಟ್ಟಿನ ಕಾರಣವೂ ಇದೆ. 2011ರಲ್ಲಿ ನಾನು ಕೊಂಡ ಮೊದಲ ಕಾರು ಇಲ್ಲೇ ಸಾನಂದ್‌ನಲ್ಲಿ ತಯಾರಾದ ಹಳದಿ ನ್ಯಾನೊ. ಎರಡು ಸಿಲಿಂಡರು, 624 ಸಿ.ಸಿ. ಅದರ ಎಂಜಿನ್ನೂ ಹಿಂದೆಯೇ ಇತ್ತು. ಪೋರ್ಷೆ ನೋಡಿದಾಗಲೆಲ್ಲ ದೊಡ್ಡಮನೆಯ ನೆಂಟರನ್ನು ಕಂಡಂತಾಗುತ್ತದೆ.

ಸದ್ದಿನ ಕಾಲಮ್ಮಿನಲ್ಲಿ ಇಬ್ಬರೂ ಒಂದಾದೆವು. ಟರ್ಬೊ ಇಲ್ಲದ ಫೆರಾರಿ 9000 ಸುತ್ತಿನವರೆಗೆ ಏರುತ್ತಾ ಕಿರುಚುವುದಕ್ಕೆ ಹತ್ತಕ್ಕೆ ಹತ್ತು. ಪೋರ್ಷೆಗೆ ಆರು. ನೋವಾಯಿತು, ಆದರೂ ನ್ಯಾಯ ನ್ಯಾಯವೇ.

ಇಷ್ಟರಲ್ಲಿ ಅಪ್ಪ ಬಂದರು. 2023ರ ಹೊಸ ವರ್ಷಕ್ಕೆ, ಉತ್ತರಾಯಣದ ಗಾಳಿಪಟ ನೋಡಿಕೊಂಡು ಹೋಗಲೆಂದು ಅವ್ವನೂ ಅಪ್ಪನೂ ಹುಬ್ಬಳ್ಳಿಯಿಂದ ಬಂದಿದ್ದರು. ಅಪ್ಪ ಸಾರಿಗೆ ಸಂಸ್ಥೆಯ ಡ್ರೈವರ್ ಆಗಿದ್ದವರು. ಹೆಚ್ಚು ವರ್ಷ ಓಡಿಸಿದ್ದು ಹುಬ್ಬಳ್ಳಿ-ಅಂಕೋಲೆ, ಅರಬೈಲು ಘಟ್ಟದ ಮೇಲೆ. ಅದಿರಿನ ಲಾರಿಗಳ ಕಾಲದಲ್ಲಿ, ಮಳೆಯಲ್ಲಿ, ಮಂಜಿನಲ್ಲಿ. ಅಪಘಾತ ಮಾಡದ ಚಾಲಕರಿಗೆ ಸಂಸ್ಥೆ ಕೊಡುವ ಬೆಳ್ಳಿ ಪದಕ ನಮ್ಮ ಮನೆಯ ದೇವರ ಗೂಡಿನಲ್ಲಿ ಎಲ್ಲಮ್ಮನ ಪಟದ ಪಕ್ಕ ಇದೆ. ಹುಡುಗನಾಗಿದ್ದಾಗ ನನಗೆ ಅದರ ಬಗ್ಗೆ ಅಂಥ ಹೆಮ್ಮೆಯೇನೂ ಇರಲಿಲ್ಲ. ಏನೋ ಮಾಡಿದ್ದಕ್ಕೆ ಪದಕ ಕೊಡುತ್ತಾರೆ, ಏನೂ ಆಗದೇ ಇದ್ದದ್ದಕ್ಕೆ ಎಂಥ ಪದಕ ಅನ್ನಿಸುತ್ತಿತ್ತು.

ಭಾನುವಾರ ಅವರನ್ನೂ ಸಿಂಧು ಭವನ ರಸ್ತೆಗೆ ಕರೆದೊಯ್ದೆವು. ಹಸಿರು ಹುರಾಕಾನ್ ಬಂದು ನಿಂತಿತು. ಮಗ ಅಜ್ಜನಿಗೆ ಅಂಕಿಗಳನ್ನೆಲ್ಲ ಒಪ್ಪಿಸಿದ. ಅಪ್ಪ ಕಾರನ್ನು ಒಂದು ಸುತ್ತು ಹಾಕಿದರು, ಡಿಪೋದಲ್ಲಿ ಬೆಳಿಗ್ಗೆ ಬಸ್ಸಿಗೆ ಹಾಕುತ್ತಿದ್ದ ಸುತ್ತಿನಂತೆಯೇ. ಬಗ್ಗಿ ಟೈರು ನೋಡಿದರು. ಗಾಲಿಯೊಳಗಿನ ಬ್ರೇಕಿನ ತಟ್ಟೆಯನ್ನು ನೋಡಿ, “ಭಾಳ ದೊಡ್ಡದೈತಿ, ಛೊಲೊ,” ಅಂದರು. ಕೊನೆಗೆ ಹಿಂದೆ ನಿಂತು, ಎಂಜಿನ್ನಿನ ಮೇಲಿನ ಪಟ್ಟಿಪಟ್ಟಿ ಮುಚ್ಚಳವನ್ನು ದಿಟ್ಟಿಸಿ ಕೇಳಿದರು.

“ಅಲ್ಲೋ ತಮ್ಮಾ, ಒಳಗ ಕುಂತ್ರ ಹಿಂದಿಂದು ಹೆಂಗ ಕಾಣ್ತೈತಿ?”

ಮಗ ನಕ್ಕ. “ಅಜ್ಜಾ, ಈ ಕಾರಿಗೆ ಹಿಂದೆ ನೋಡೋ ಪ್ರಸಂಗಾನೇ ಬರಲ್ಲ.”

ಅಪ್ಪ ನಗಲಿಲ್ಲ. ಆ ರಾತ್ರಿ ನಾನು ಅವರಿಗೆ ಕೂಂಟಾಶ್‌ನ ಕಥೆ ಹೇಳಿದೆ. ಅದರ ಹಿಂದಿನ ನೋಟ ಎಷ್ಟು ಕೆಟ್ಟದಾಗಿತ್ತೆಂದರೆ, ರಿವರ್ಸ್ ಹೋಗಬೇಕಾದರೆ ಮೇಲಕ್ಕೇಳುವ ಬಾಗಿಲನ್ನು ತೆರೆದು, ಹೊಸ್ತಿಲ ಮೇಲೆ ಕುಂಡೆಯೂರಿ, ಅರ್ಧ ಮೈ ಹೊರಗೆ ಹಾಕಿ ಕತ್ತು ತಿರುಗಿಸಿ ಓಡಿಸುತ್ತಿದ್ದರು. ಗೋಡೆಗೆ ಅಂಟಿಸಿಕೊಳ್ಳುವ ಪೋಸ್ಟರಾಗಿ ಜಗತ್ತೆಲ್ಲ ಹರಡಿದ ಕಾರಿನ ಸ್ಥಿತಿ ಇದು. ಅಪ್ಪ ಹೊಟ್ಟೆ ಹಿಡಿದು ನಕ್ಕರು. “ಕ್ಲೀನರ್ ಇಟ್ಕೋಬೇಕಿತ್ತು,” ಅಂದರು.

ಅದೇ ವಾರ ವಡೋದರಾದ ಲಕ್ಷ್ಮೀವಿಲಾಸ ಅರಮನೆಯಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು, ಜನವರಿ 6ರಿಂದ 8ರವರೆಗೆ. ಅಲ್ಲಿಗೂ ಹೋದೆವು. 1890ರ ಅರಮನೆ, ಅದರ ಮುಂದಿನ ಹುಲ್ಲುಹಾಸಿನ ಮೇಲೆ ರೋಲ್ಸ್ ರಾಯ್ಸ್, ಬೆಂಟ್ಲಿ, ಪ್ಯಾಕಾರ್ಡ್‌ಗಳು. ಆ ಕಾಲದ ಶ್ರೀಮಂತರು ಕಂಪನಿಯಿಂದ ಚಾಸಿ ಮತ್ತು ಎಂಜಿನ್ನು ಕೊಂಡು, ಮೇಲಿನ ಮೈಯನ್ನು ತಮಗೆ ಬೇಕಾದ ಹಾಗೆ ಬೇರೆಯವರ ಕೈಲಿ ಕಟ್ಟಿಸುತ್ತಿದ್ದರು. ಸಾಮರ್ಥ್ಯ ಒಬ್ಬನದು, ರೂಪ ಇನ್ನೊಬ್ಬನದು. ನಮ್ಮ ಲಾರಿಗಳಿಗೆ ಇವತ್ತಿಗೂ ಬಾಡಿ ಕಟ್ಟಿಸುವ ಹಾಗೆ. ಇದು ಅಪ್ಪನಿಗೆ ಬಹಳ ಹಿಡಿಸಿತು. ರೋಲ್ಸ್ ರಾಯ್ಸ್‌ನವರು ಅಶ್ವಶಕ್ತಿ ಎಷ್ಟೆಂದು ಕೇಳಿದರೆ “ಸಾಕಷ್ಟು” ಅನ್ನುತ್ತಿದ್ದರೆಂಬ ಹಳೆಯ ಮಾತು ಇನ್ನೂ ಹಿಡಿಸಿತು. ಆದರೆ 1920ರ ದಶಕದ ಮೊದಲರ್ಧದ ಬಹಳಷ್ಟು ಕಾರುಗಳಿಗೆ ಹಿಂದಿನ ಗಾಲಿಗಳಿಗೆ ಮಾತ್ರ ಬ್ರೇಕು ಎಂದು ತಿಳಿದಾಗ ಮುಖ ಗಂಭೀರವಾಯಿತು. “ಇದನ್ನ ಘಟ್ಟದಾಗ ಇಳಿಸಿದಾಂವಗ ಕೊಡಬೇಕು ಪದಕ,” ಅಂದರು.

ಅವರು ಊರಿಗೆ ಹೋದ ಮೇಲೆ, ಮಾರ್ಚಿನಲ್ಲಿ, ನಾನು ಕೆಲಸದ ಮೇಲೆ ಸೂರತ್‌ಗೆ ಹೋಗಿದ್ದೆ. ನಮ್ಮ ತಂಡ ಅಲ್ಲಿನ ಒಂದು ವಜ್ರ ಸಂಸ್ಥೆಗೆ ದಾಸ್ತಾನಿನ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಮಾಲೀಕರು ನನಗಿಂತ ಎರಡು ವರ್ಷಕ್ಕೆ ಚಿಕ್ಕವರು, ಕಾಠಿಯಾವಾಡದಿಂದ ಬಂದವರು, ಅವರ ತಂದೆ ಒಂದು ಕಾಲಕ್ಕೆ ಘಂಟಿಯ ಮುಂದೆ ಕೂತು ಹರಳು ಉಜ್ಜಿದವರು. ಅವರ ಬಳಿ ಬೂದು ಬಣ್ಣದ 911 ಕರೇರಾ ಎಸ್ ಇದೆ. ಊಟದ ಹೊತ್ತಿಗೆ ನಮ್ಮ ಎಕ್ಸೆಲ್ಲಿನ ವಿಷಯ ಹೇಳಿದೆ. ಅವರು ನಕ್ಕು ಒಂದು ಸಣ್ಣ ಹರಳನ್ನು ಇಕ್ಕಳದಲ್ಲಿ ಹಿಡಿದು ದೀಪದ ಕೆಳಗೆ ತೋರಿಸಿದರು. ದುಂಡು ವಜ್ರಕ್ಕೆ 57 ಮುಖ. ಯಾವ ಕೋನದಲ್ಲಿ ಎಷ್ಟು ಎಂಬ ಲೆಕ್ಕವನ್ನು 1919ರಲ್ಲಿ ಟೋಲ್ಕೋವ್‌ಸ್ಕಿ ಎಂಬಾತ ಬರೆದಿಟ್ಟ. ಕೆಳಭಾಗ ಸ್ವಲ್ಪ ಚಪ್ಪಟೆಯಾದರೆ ಬೆಳಕು ತಳದಿಂದ ಸೋರಿಹೋಗುತ್ತದೆ, ಹರಳು ಮಂಕಾಗುತ್ತದೆ. “ನಮ್ಮಲ್ಲಿ ನಿಮ್ಮ ಎರಡು ಕಾಲಮ್ಮು ಇಲ್ಲ ಸಾಹೇಬ್. ಬೆಳಕನ್ನು ವಾಪಸ್ ಕೊಡೋದೇ ಇದರ ಕೆಲಸ. ಕೆಲಸ ಸರಿಯಿದ್ದರೆ ಚೆಂದ, ಇಲ್ಲದಿದ್ದರೆ ಕಲ್ಲು.”

ಮರುದಿನ ನಸುಕಿನಲ್ಲಿ ಅವರು ಅಹಮದಾಬಾದಿಗೆ ಹೊರಟಿದ್ದರು, ನನ್ನನ್ನೂ ಹತ್ತಿಸಿಕೊಂಡರು. ಭರೂಚ್‌ನಲ್ಲಿ ನರ್ಮದೆಯ ಹೊಸ ಸೇತುವೆ ದಾಟಿದೆವು. ವಡೋದರಾ ಬಂತು. ಅಲ್ಲಿಂದ ಎಕ್ಸ್‌ಪ್ರೆಸ್‌ವೇ, 93 ಕಿಲೋಮೀಟರು, ಎರಡೂ ಬದಿ ಬೇಲಿ, ಅಡ್ಡರಸ್ತೆಯಿಲ್ಲ, ಬೈಕುಗಳಿಲ್ಲ. ಟೋಲ್ ದಾಟಿ ಪಕ್ಕಕ್ಕೆ ನಿಲ್ಲಿಸಿ ಕೀಲಿಯ ಕಡೆ ತೋರಿಸಿದರು. “ಚಲಾವೋ ನೆ, ಸಾಹೇಬ್!”

ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅಂಥ ಸುಖ ನನ್ನ ಜೀವನದಲ್ಲಿ ಹೆಚ್ಚು ಸಲ ಸಿಕ್ಕಿಲ್ಲ. ಸ್ಟೀರಿಂಗು ರಸ್ತೆಯ ಪ್ರತಿ ಕಲ್ಲನ್ನೂ ಅಂಗೈಗೆ ಹೇಳುತ್ತಿತ್ತು. ಪಾದ ಒತ್ತಿದರೆ ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದಂತೆ. ಫಲಕದಲ್ಲಿ 100 ಎಂದಿತ್ತು. 120 ಆಯಿತು, 150 ಆಯಿತು. ಕಾರು ಅಷ್ಟು ಶಾಂತವಾಗಿತ್ತು, ನ್ಯಾನೊದಲ್ಲಿ 70ಕ್ಕೇ ಇದಕ್ಕಿಂತ ಹೆಚ್ಚು ಗದ್ದಲವಿರುತ್ತಿತ್ತು. 180 ಮುಟ್ಟಿದಾಗ ಅವರು ಚಪ್ಪಾಳೆ ತಟ್ಟಿದರು.

ಆಗ ಮುಂದೆ ಕಪ್ಪಗೆ ಏನೋ ಬಿದ್ದಿರುವುದು ಕಂಡಿತು. ಲಾರಿ ಟೈರಿನಿಂದ ಕಿತ್ತು ಬಿದ್ದ ಉದ್ದನೆಯ ರಬ್ಬರು. ಬ್ರೇಕು ತುಳಿದೆ. ಪೋರ್ಷೆ ಪೋರ್ಷೆಯೇ, ನೆಲಕ್ಕೆ ಕಚ್ಚಿಕೊಂಡು ನೇರವಾಗಿ ವೇಗ ಇಳಿಸಿತು, ರಬ್ಬರಿನ ಪಕ್ಕದಲ್ಲೇ ಸುಗಮವಾಗಿ ದಾಟಿದೆ. ಆ ಕ್ಷಣಕ್ಕೆ ನಮ್ಮ ಬಲಕ್ಕೆ, ಒಂದು ಮೊಳದ ಅಂತರದಲ್ಲಿ, ಬಿಳಿ ಕಾರೊಂದು ಹಾರ್ನ್ ಒತ್ತಿಕೊಂಡೇ ಭರ್ರೆಂದು ಹೋಯಿತು. ಅದು ನನ್ನ ಹಿಂದೆ ಇತ್ತು. ಎಷ್ಟು ಹೊತ್ತಿನಿಂದ ಇತ್ತೋ. 180 ಮುಟ್ಟುವವರೆಗೆ ನಾನು ಒಂದೇ ಒಂದು ಸಲವೂ ಕನ್ನಡಿ ನೋಡಿರಲಿಲ್ಲ. ಮುಂದೆ ಆಣಂದ್ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಮನೆಗೆ ಬಂದು ಮಗನಿಗೆ ಮಾತ್ರ ಹೇಳಿದೆ, 180ರವರೆಗಿನ ಕಥೆ. ರಬ್ಬರಿನ ಕಥೆಯನ್ನು ಬ್ರೇಕಿನ ಹೊಗಳಿಕೆಯಾಗಿ ಹೇಳಿದೆ. ಬಿಳಿ ಕಾರನ್ನು ಬಿಟ್ಟೆ. ಅವನು ಎಕ್ಸೆಲ್ ತೆರೆದು ಪೋರ್ಷೆಯ ಸದ್ದಿನ ಅಂಕವನ್ನು ಆರರಿಂದ ಏಳಕ್ಕೆ ಏರಿಸಿದ.

ಜುಲೈ ಬಂತು. 19ನೇ ತಾರೀಖು ರಾತ್ರಿ ಮಗ ಬೋಪಲ್‌ನ ಗೆಳೆಯನ ಮನೆಗೆ ಓದಲು ಹೋಗಿದ್ದ. ಹನ್ನೊಂದಕ್ಕೆ ಗೆಳೆಯನ ಅಣ್ಣ ಕಾರಿನಲ್ಲಿ ಬಿಡುತ್ತಾನೆ ಅಂದಿದ್ದ. ಹನ್ನೆರಡಾಯಿತು, ಫೋನು ಸ್ವಿಚ್ ಆಫ್. ಒಂದೂವರೆ ದಾಟಿದ ಮೇಲೆ ನಮ್ಮ ಸೊಸೈಟಿಯ ವಾಟ್ಸಾಪ್‌ನಲ್ಲಿ ಸಂದೇಶಗಳು ಒಂದರ ಮೇಲೊಂದು ಬೀಳತೊಡಗಿದವು: ಇಸ್ಕಾನ್ ಮೇಲ್ಸೇತುವೆಯ ಮೇಲೆ ದೊಡ್ಡ ಅಪಘಾತ, ಕಾರು, ಹುಡುಗರು. ನಮ್ಮ ಮನೆ ಪ್ರಹ್ಲಾದನಗರದಲ್ಲಿ; ಬೋಪಲ್‌ನಿಂದ ಅವನು ಬರುವುದು ಇಸ್ಕಾನ್ ಸರ್ಕಲ್ ಕಡೆಯಿಂದಲೇ. ನನ್ನ ಹೆಂಡತಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನಗೆ ಕಾರಿನ ಕೀಲಿ ಎಲ್ಲಿಟ್ಟಿದ್ದೇನೆಂದು ಹೊಳೆಯಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ಬಂದ. ಬ್ಯಾಟರಿ ಮುಗಿದಿತ್ತಂತೆ, ದಾರಿಯಲ್ಲಿ ತಳ್ಳುಗಾಡಿಯ ಹತ್ತಿರ ಮ್ಯಾಗಿ ತಿನ್ನಲು ನಿಂತಿದ್ದರಂತೆ. ಅವನ ಅವ್ವ ಒಂದು ಏಟು ಕೊಟ್ಟು, ಆಮೇಲೆ ತಬ್ಬಿಕೊಂಡು ಅತ್ತಳು.

ಬೆಳಿಗ್ಗೆ ವಿವರಗಳು ಬಂದವು. ಸೇತುವೆಯ ಮೇಲೆ ಮೊದಲೊಂದು ಅಪಘಾತವಾಗಿತ್ತು. ಸಹಾಯಕ್ಕೆಂದು, ನೋಡಲೆಂದು ಜನ ಸೇರಿದ್ದರು, ಪೊಲೀಸರೂ ಇದ್ದರು. ಆ ಗುಂಪಿನ ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗ ಓಡಿಸುತ್ತಿದ್ದ ಐಷಾರಾಮಿ ಕಾರು ಹರಿಯಿತು. 9 ಜನ ಸತ್ತರು. ಬಹಳಷ್ಟು ಮಂದಿ ಹೊರ ಊರಿನಿಂದ ಓದಲು, ಕೆಲಸ ಮಾಡಲು ಬಂದ ಹುಡುಗರು, ಪಿ.ಜಿ.ಗಳಲ್ಲಿ ಇದ್ದವರು. ಕಾರಿನ ವೇಗ ಗಂಟೆಗೆ 140 ಕಿಲೋಮೀಟರಿಗೂ ಹೆಚ್ಚಿತ್ತೆಂದು ವಿಧಿವಿಜ್ಞಾನ ವರದಿ ಹೇಳಿದ್ದು ಕೆಲವು ದಿನಗಳ ನಂತರ ಪತ್ರಿಕೆಯಲ್ಲಿ ಬಂತು.

ಆ ಸುದ್ದಿ ಓದಿ ಮಗ ಪತ್ರಿಕೆ ಮಡಿಸಿದ. “ಪಪ್ಪಾ, ನೀವು 180ರಲ್ಲಿ ಹೋಗಿದ್ರಿ ಅಲ್ವಾ?” ಅಂದ. ದನಿಯಲ್ಲಿ ಆಪಾದನೆ ಇರಲಿಲ್ಲ. ಲೆಕ್ಕ ಸರಿ ಮಾಡಿಕೊಳ್ಳುವವನ ಹಾಗೆ ಕೇಳಿದ, ಅಷ್ಟೆ.

ಇಬ್ಬರೂ ಆ ಹಾಳೆಯನ್ನು ಮತ್ತೆ ತೆರೆದೆವು. ಒಳ್ಳೆಯ ಸ್ಪೋರ್ಟ್ಸ್ ಕಾರು 100ರಿಂದ ಸೊನ್ನೆಗೆ ಬರಲು ಸುಮಾರು 32 ಮೀಟರು ಬೇಕು. ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟು. 140ರಲ್ಲಿ ಸುಮಾರು 63 ಮೀಟರು. ಅದಕ್ಕೆ ಮೊದಲು ಕಣ್ಣಿಗೆ ಕಂಡದ್ದು ಕಾಲಿಗೆ ತಲುಪಲು ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲಿ ಕಾರು 39 ಮೀಟರು ಹೋಗಿರುತ್ತದೆ. ಒಟ್ಟು ನೂರು ಮೀಟರು ದಾಟಿತು. 180ರಲ್ಲಿ 150 ಮೀಟರು ದಾಟಿತು. ಇದು ಒಣ ರಸ್ತೆಗೆ, ಹೊಸ ಟೈರಿಗೆ, ನಿದ್ದೆಗೆಡದ ಚಾಲಕನಿಗೆ. ಮಗ ಕರ್ಸರನ್ನು ಆ ಅಂಕಿಯ ಮೇಲೇ ಇಟ್ಟುಕೊಂಡು ಕೂತ. ಎಂ.ಟೆಕ್. ಓದಿದ ನನಗೆ ಈ ಸೂತ್ರ ಹೊಸದೇನೂ ಆಗಿರಲಿಲ್ಲ. ಮೊದಲ ಸಲ ಹಾಳೆ ಮಾಡಿದಾಗ ಈ ಕಾಲಮ್ಮು ಇಬ್ಬರಿಗೂ ನೆನಪಾಗಿರಲಿಲ್ಲ, ಅಷ್ಟೆ. ಬಿಳಿ ಕಾರಿನ ಕಥೆಯನ್ನು ಆಗ ಹೇಳಿದೆ.

ಸಂಜೆ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ನಲವತ್ತಾರು ವರ್ಷದವನು ಅಪ್ಪನ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

“ಗಾಡಿ ಛೊಲೊ ಇತ್ತೇನು?”

“ಛೊಲೊ ಇತ್ತಪಾ.”

“ಬ್ರೇಕು?”

“ಬ್ರೇಕೂ ಛೊಲೊ ಇತ್ತು.”

“ಹಿಂದ ಇದ್ದ ಗಾಡ್ಯಾಗ ಎಷ್ಟ ಮಂದಿ ಇದ್ರು?”

“ನೋಡ್ಲಿಲ್ಲಪಾ.”

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, “ತಗೋ, ನಿಮ್ಮವ್ವ ಮಾತಾಡ್ತಾಳಂತ,” ಅಂದು ಫೋನು ಕೊಟ್ಟುಬಿಟ್ಟರು. ಅವ್ವ ಮಳೆಯ ಬಗ್ಗೆ, ರೊಟ್ಟಿಯ ಜೋಳದ ರೇಟಿನ ಬಗ್ಗೆ ಮಾತಾಡಿದಳು. ಆ ಹದಿನೈದು ದಿನ ಅಪ್ಪ ಫೋನಿಗೆ ಬರಲಿಲ್ಲ.

ಈ ಊರಿನ ಆರ್.ಟಿ.ಓ. 2020ರ ಜನವರಿಯಲ್ಲಿ ಒಂದು ಪೋರ್ಷೆ 911ಕ್ಕೆ 27.68 ಲಕ್ಷ ರೂಪಾಯಿ ವಸೂಲಿ ಮಾಡಿದ್ದು ದೇಶದಲ್ಲೆಲ್ಲ ಸುದ್ದಿಯಾಗಿತ್ತು. ನಂಬರ್ ಪ್ಲೇಟು ಇರಲಿಲ್ಲ, ಕಾಗದಪತ್ರ ಇರಲಿಲ್ಲ ಎಂಬ ಕಾರಣಕ್ಕೆ. ನನ್ನ ದಂಡ ಆ ಹದಿನೈದು ದಿನ. ಯಾವುದು ಹೆಚ್ಚು ಅಂತ ನನ್ನನ್ನು ಕೇಳಬೇಡಿ.

ಅಕ್ಟೋಬರಿನಲ್ಲಿ ಮಗನಿಗೆ ಹದಿನೆಂಟು ತುಂಬಿತು. ಕಲಿಕೆಯ ಲೈಸೆನ್ಸ್ ಬಂತು. ದೀಪಾವಳಿಗೆ ಅಪ್ಪ-ಅವ್ವ ಬಂದರು, ಅದೂ ಅಪ್ಪನೇ ಟಿಕೆಟ್ಟು ಮಾಡಿಸಿಕೊಂಡು. ಬಂದ ಮರುದಿನವೇ ಮೊಮ್ಮಗನನ್ನು ನಮ್ಮ ಐದು ವರ್ಷ ಹಳೆಯ ಕಾರಿನಲ್ಲಿ ಕೂರಿಸಿ ಸೊಸೈಟಿಯ ಒಳಗೆ ಒಂದು ಗಂಟೆ ರಿವರ್ಸ್ ಮಾತ್ರ ಮಾಡಿಸಿದರು. ಮುಂದಕ್ಕೆ ಹೋಗಲು ಬಿಡಲೇ ಇಲ್ಲ. ವಾಚ್‌ಮನ್ ಕುರ್ಚಿ ಹಾಕಿಕೊಂಡು ನೋಡಿದ.

ಆ ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿದ್ದಾಗ ಮೂವರೂ ಹೊರಟೆವು. ಮಗ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನ ನಡುವೆ ಅಪ್ಪ. ಕಲಿಕೆಯ ಕೆಂಪು ‘ಎಲ್’ ಎರಡೂ ಕಡೆ. ಸಿಂಧು ಭವನ ರಸ್ತೆಗೆ ತಿರುಗಿ ಇನ್ನೂ ನೂರು ಮೀಟರು ಹೋಗಿರಲಿಲ್ಲ, ಹಿಂದಿನಿಂದ ಆ ಸದ್ದು ಬಂತು. ಹತ್ತು ಸಿಲಿಂಡರು ಒಟ್ಟಿಗೆ ಹಾಡುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಮಗನ ಕಣ್ಣು ಕನ್ನಡಿಗೆ ಹೋಯಿತು, ಮತ್ತೆ ರಸ್ತೆಗೆ ಬಂತು. “ಹಿಂದೆ ಹುರಾಕಾನ್, ಬಲಕ್ಕೆ ಬರ್ತಿದೆ,” ಅಂದ. ಹಸಿರು ಕಾರು ಪಕ್ಕದಲ್ಲಿ ನೆಲಕ್ಕೆ ಅಂಟಿದಂತೆ ಹಾದುಹೋಯಿತು. ಅವನ ತಲೆ ಬಲಕ್ಕೆ ವಾಲತೊಡಗಿತ್ತು.

“ಮುಂದ ನೋಡು,” ಅಂದರು ಅಪ್ಪ.

ಅವನು ಮುಂದೆ ನೋಡಿದ. ನಾನು ತಿರುಗಿದೆ. ಅಪ್ಪ ನಮ್ಮಿಬ್ಬರ ಸೀಟುಗಳ ನಡುವೆ ಕತ್ತು ತೂರಿಸಿ, ಕಣ್ಣು ಕಿರಿದು ಮಾಡಿಕೊಂಡು, ಆ ಹಸಿರು ಬಾಲ ಮುಂದಿನ ತಿರುವಿನಲ್ಲಿ ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದರು.